ಆಲೂಗೆಡ್ಡೆ ಮಂಡಿಯಲ್ಲಿ ಚಾರಣದ ತೂಕ

ಗೆಳೆಯರೇ, ಇವತ್ತು ಹಾಸನದ ಆಲೂಗೆಡ್ಡೆ ಮಂಡಿಯೊಂದರಲ್ಲಿ ನಮ್ಮ ಕಾಲೇಜಿನ ಮಕ್ಕಳನ್ನು ತೂಗಿಸಿದೆ. ಕಾಲೇಜಿನ ತೂಕದ ಯಂತ್ರ ಕೆಟ್ಟಿತ್ತು. ಸೋಮವಾರದ ಚಾರಣದಲ್ಲಿ ಅವರವರ ಚೀಲ ಅವರವರೇ ಹೊರಬೇಕು. ಅದಕ್ಕೇ ನಲವತ್ತು ಕೆ.ಜಿ.ಗಿಂತ ಕಡಿಮೆಯವರು ಬರುವಂತಿಲ್ಲ. ತೊಂಬತ್ತೈದು ದಾಟಿದವರೂ ಬರುವಂತಿಲ್ಲ, ಮೇಷ್ಟ್ರಾದರೂ ಸರಿ.

ಅಕ್ಷರ ದುಂಡಗಿದೆ ಎಂದು ಕೊಣನೂರಿನ ಚೈತ್ರಳನ್ನು ಪಟ್ಟಿ ಬರೆಯಲು ಕೂರಿಸಿದ್ದೆ. ಅವಳ ಸರದಿ ಬಂತು. ನಲವತ್ತೂವರೆ. ಮೂಟೆ ತೂಗುವ ಸಿದ್ದಣ್ಣ ಅವಳ ಸ್ವೆಟರಿನ ಜೇಬನ್ನೇ ನೋಡಿದ.

"ಮೂಟೆಗೆ ಕಲ್ಲಾಕೋದ್ನ ಮೂವತ್ ವರ್ಸದಿಂದ ನೋಡಿವ್ನಿ ಕಣವ್ವ. ತಗಿ ಆಚೆಗೆ."

ಎರಡು ಕಲ್ಲು ಹೊರಬಂದವು. ಮೂವತ್ತೊಂಬತ್ತು. ಎಲ್ಲರೂ ನಕ್ಕರು. ಅವಳು ನಗಲಿಲ್ಲ.

"ಬ್ಯಾಗ್ ಒರಕಾಗಲ್ಲ ಅಂತ ತಾನೆ ಸಾ ಈ ರೂಲ್ಸು? ಬೆಳಿಗ್ಗೆಯಿಂದ ಈ ಕಲ್ಲು ಒತ್ಕಂಡೇ ತಿರುಗ್ತಾ ಇವ್ನಿ."

"ರೂಲ್ಸು ರೂಲ್ಸೇ ಕಣಮ್ಮ" ಎಂದೆ. ತನ್ನ ಹೆಸರನ್ನು ತಾನೇ ಹೊಡೆದುಹಾಕಿದಳು.

ಕೊನೆಗೆ ನಾನು ಹತ್ತಿದೆ. ತೊಂಬತ್ತಾರು. ಸಿದ್ದಣ್ಣ ನನ್ನ ಮುಖ ನೋಡಿದ.

"ಗೋಣಿಚೀಲದ ತೂಕ ಅಂತ ಮೂಟೆಗೆ ಎರಡು ಕೇಜಿ ಕಳಿತೀವಿ ಸಾ. ನಿಮ್ಗೂ ಕಳ್ದ್ಬುಡ್ತೀನಿ ಬುಡಿ."

ನಾನು ಬೇಡ ಎನ್ನಲಿಲ್ಲ.

ಚೈತ್ರ ತಲೆ ಎತ್ತಲೂ ಇಲ್ಲ. ನನ್ನ ಹೆಸರಿನ ಮುಂದೆ ಅದೇ ದುಂಡು ಅಕ್ಷರದಲ್ಲಿ ತೊಂಬತ್ತನಾಲ್ಕು ಎಂದು ಬರೆದು, ಪಟ್ಟಿಯನ್ನು ನನ್ನ ಕೈಗೆ ಕೊಟ್ಟು ಹೋದಳು.

ಸೋಮವಾರ ಹೊರಡುತ್ತಿದ್ದೇವೆ. ಪಟ್ಟಿಯ ಪ್ರಕಾರ, ಬೆಟ್ಟ ಹತ್ತಲು ನಾನು ಯೋಗ್ಯ.