ವಸಂತ್ ಕುಂಜ್‌ನಲ್ಲಿ ಬಿದ್ದ ಹಾರುವ ತಟ್ಟೆ

ಬೇಸಿಗೆ ರಜೆಯೆಂದರೆ ಊರಿನ ರೈಲು ಹತ್ತುವುದು ಎಂದಿದ್ದ ಕಾಲ ಅದು. ಎರಡು ಸಾವಿರದ ಇಸವಿ ಆಗಷ್ಟೇ ದಾಟಿತ್ತು. ಆ ವರ್ಷ ಅಪ್ಪನಿಗೆ ರಜೆ ಸಿಗದೆ ನಾವು ದಿಲ್ಲಿಯ ವಸಂತ್ ಕುಂಜ್‌ನ ಫ್ಲ್ಯಾಟಿನಲ್ಲೇ ಉಳಿದೆವು. ಮಧ್ಯಾಹ್ನವಿಡೀ ಕೂಲರಿನ ಒದ್ದೆ ಹುಲ್ಲಿನ ವಾಸನೆ, ಇಂಗು ಹಾಕಿದ ಅಮ್ಮನ ಮಜ್ಜಿಗೆ. ಬಿಸಿಲು ಇಳಿದ ಮೇಲೆ ಪಿಟ್ಠೂ. ನಮ್ಮ ಲಗೋರಿಯೇ, ಹೆಸರು ಮಾತ್ರ ದಿಲ್ಲಿಯದು.

ಒಂದು ದಿನ ಟಿವಿಯಲ್ಲಿ ಅಮೆರಿಕದ ಮರುಭೂಮಿಯಲ್ಲಿ ಬಿದ್ದ ಹಾರುವ ತಟ್ಟೆಯ ಕಥೆ ಬಂತು. ಬಿದ್ದದ್ದು ಹವಾಮಾನದ ಬಲೂನು ಎಂದು ಸರ್ಕಾರ ಹೇಳಿತಂತೆ, ಜನ ನಂಬಲಿಲ್ಲವಂತೆ. ಮರುದಿನವೇ ನಮ್ಮ ಗುಂಪಿನ ನಾಯಕಿ ರಿಂಕೂ, ಫ್ಲ್ಯಾಟುಗಳ ಹಿಂದಿನ ಜಾಲಿ ಕಾಡಿನಲ್ಲೂ ಒಂದು ಬಿದ್ದಿತ್ತು ಎಂದು ಸಾರಿದಳು. ಫ್ಲ್ಯಾಟು ಕಟ್ಟುವ ಮೊದಲು ಆಡು ಮೇಯಿಸುವವರು ಆಕಾಶದಿಂದ ಬೆಂಕಿ ಇಳಿದದ್ದನ್ನು ನೋಡಿದ್ದರಂತೆ. ಹುಲ್ಲು ಬೆಳೆಯದ ಗುಂಡಿಯೊಂದು ಅಲ್ಲಿದ್ದದ್ದು ನಿಜ. ಅದರೊಳಗಿಂದ ಅವಳು ಬೆಳ್ಳಿ ಬಣ್ಣದ ತುಂಡೊಂದನ್ನು ಹೆಕ್ಕಿ ಶೂ ಡಬ್ಬಿಯಲ್ಲಿಟ್ಟಿದ್ದಳು. ಎಷ್ಟು ಮುದುರಿದರೂ ಅದು ಮತ್ತೆ ಬಿಚ್ಚಿಕೊಳ್ಳುತ್ತಿತ್ತು.

ನಾನು ಜಂಬ ತಡೆಯಲಾರದೆ, ನಮ್ಮಪ್ಪ ಹವಾಮಾನ ಕಚೇರಿಯಲ್ಲಿ ಬಲೂನು ಹಾರಿಸುತ್ತಾರೆ ಎಂದುಬಿಟ್ಟೆ.

“ಅಚ್ಛಾ! ತೋ ತೇರೇ ಪಾಪಾ ಭೀ ಮಿಲೇ ಹುಏ ಹೈಂ!” ನಿನ್ನಪ್ಪನೂ ಮುಚ್ಚಿಡುವವರ ಕಡೆಯವರೇ ಎಂದಳು ರಿಂಕೂ.

ಅಂದಿನಿಂದ ಪಿಟ್ಠೂಗೆ ನನ್ನನ್ನು ಕರೆಯಲಿಲ್ಲ. “ಹೋಗ್ಲಿ ಬಿಡೇ, ನಾಳೆ ಅವರೇ ಬರ್ತಾರೆ” ಎಂದಳು ಅಮ್ಮ. ನಾನು ಬಿಡುವ ಪೈಕಿಯಲ್ಲ. ಅಪ್ಪನನ್ನು ಸುಳ್ಳುಗಾರ ಎಂದವಳ ಬಾಯಿಂದಲೇ ಅಲ್ಲ ಎನ್ನಿಸಬೇಕೆಂದು ಹಟ ಹಿಡಿದೆ. ತುಂಡನ್ನು ಅಪ್ಪನಿಗೆ ತೋರಿಸು ಎಂದು ಬೆನ್ನು ಬಿದ್ದೆ. ಅಂಕಲ್ ಕಸಿದುಕೊಂಡರೆ ಎಂಬ ಭಯ ಅವಳಿಗೆ. ಸರ್ಕಾರದವರು ಮೊದಲು ಮಾಡುವುದೇ ಅದಂತೆ. ಕೊನೆಗೆ ನನ್ನ ಸೈಕಲ್ಲನ್ನೇ ಅವಳ ಮನೆಯಲ್ಲಿ ಅಡವಿಟ್ಟೆ.

ಭಾನುವಾರ ಅವಳು ಡಬ್ಬಿ ತಂದಾಗ ಅಪ್ಪ ಬನಿಯನ್ನಿನಲ್ಲಿ ಕೂತು ಉಪ್ಪಿಟ್ಟು ತಿನ್ನುತ್ತಿದ್ದರು. ಕೈ ತೊಳೆದು ಬಂದು ತುಂಡನ್ನು ಕಿಟಕಿಯ ಬೆಳಕಿಗೆ ಹಿಡಿದರು, ಉಗುರಿನಿಂದ ಕೆರೆದರು, ಮುದುರಿ ಬಿಟ್ಟರು. ಹೊರಗಿನವರ ಮುಂದೆ ಗುಟ್ಟು ಹೇಳಲು ನಮ್ಮ ಮನೆಯಲ್ಲಿ ಕನ್ನಡವಿತ್ತು. ತರಕಾರಿ ಭಯ್ಯಾನ ಎದುರೇ ಅಮ್ಮ “ಬದನೆಕಾಯಿ ಬಾಡಿದೆ, ಬೇಡ” ಎನ್ನುತ್ತಿದ್ದಳು. ನಾನೂ ಅದನ್ನೇ ಮಾಡಿದೆ.

“ನಮ್ಮ ಬಲೂನಿಂದೇ ಅಂತ ಹೇಳಿಬಿಡಪ್ಪಾ, ಪ್ಲೀಸ್.”

ಅಪ್ಪ ನನ್ನ ಮುಖ ನೋಡಿದರು. ಉತ್ತರ ಮಾತ್ರ ಹಿಂದಿಯಲ್ಲಿ ಬಂತು, ರಿಂಕೂಗೂ ತಿಳಿಯುವ ಹಾಗೆ. ಇವಳು ನಮ್ಮದು ಅನ್ನು ಅಂತಿದ್ದಾಳೆ, ಆದರೆ ನಮ್ಮ ಬಲೂನಿನಲ್ಲಿ ಇಂಥದ್ದು ಇರುವುದಿಲ್ಲ ಬೇಟಾ, ಇದೇನೋ ನನಗೆ ಗೊತ್ತಿಲ್ಲ ಎಂದು ಡಬ್ಬಿಯನ್ನು ಅವಳ ಕೈಗೇ ಕೊಟ್ಟರು.

ಭೂಮಿ ಬಾಯಿಬಿಡಬಾರದೆ ಅನ್ನಿಸಿತು ನನಗೆ. ರಿಂಕೂ ಡಬ್ಬಿಯನ್ನೊಮ್ಮೆ ಅಪ್ಪನನ್ನೊಮ್ಮೆ ನೋಡಿ, ಡಬ್ಬಿ ಅವುಚಿಕೊಂಡು ಹೋದಳು. ಸಂಜೆ ನನ್ನ ಸೈಕಲ್ಲನ್ನು ತಾನೇ ತಳ್ಳಿಕೊಂಡು ಬಂದಳು. “ಅಂಕಲ್ ಝೂಠ್ ನಹೀಂ ಬೋಲ್ತೇ. ಚಲ್, ಪಿಟ್ಠೂ.” ಅಂಕಲ್ ಸುಳ್ಳು ಹೇಳುವವರಲ್ಲ, ಆಡೋಣ ಬಾ ಎಂದಳು.

ಗೆದ್ದರೂ ನನ್ನ ಸಿಟ್ಟು ಇಳಿದಿರಲಿಲ್ಲ. “ಒಂದು ಮಾತು ಹೇಳಿದ್ರೆ ಏನಾಗ್ತಿತ್ತು?” ಎಂದು ರಾತ್ರಿ ಊಟಕ್ಕೆ ಕೂತಾಗ ಅಪ್ಪನನ್ನು ಕೇಳಿದೆ.

“ರಿಂಕೂ ನಂಬ್ತಿದ್ಲು ಪುಟ್ಟಿ. ಆಮೇಲೆ ನೀನು ನನ್ನ ನಂಬ್ತಿದ್ಯಾ?”

ಆ ಕಾಡು ಇದ್ದಲ್ಲಿ ಈಗ ಮಾಲ್ ಇದೆ. ರಿಂಕೂ ಮನೆಯವರು ಫರೀದಾಬಾದಿಗೆ ಹೋದಾಗ ಆ ತುಂಡೂ ಎಲ್ಲೋ ಕಳೆಯಿತು. ಅದೇನೆಂದು ಇನ್ನು ತಿಳಿಯುವಂತಿಲ್ಲ. ಮೊನ್ನೆ ಅದೇ ಮಾಲ್‌ನ ನೆಲಮಾಳಿಗೆಯಲ್ಲಿ ಕಾರು ನಿಲ್ಲಿಸುತ್ತ ಮಗಳಿಗೆ ಈ ಕಥೆ ಹೇಳಿದೆ.

“ಮಮ್ಮಾ, ಸಚ್ ಮೇ ಗಿರಾ ಥಾ?”

ಹೌದು, ನಿಜಕ್ಕೂ ಬಿದ್ದಿತ್ತು ಅನ್ನಲಿ ಎಂದು ಅವಳು ಕಾಯುತ್ತಿದ್ದಳು. ಆ ಹೌದು ನನ್ನ ನಾಲಗೆಯ ತುದಿಗೂ ಬಂದಿತ್ತು.

“ಗೊತ್ತಿಲ್ಲ ಮಗಳೇ” ಎಂದೆ. ಅವಳ ಮುಖ ಸಣ್ಣಗಾಯಿತು. ಅಂದು ನನ್ನ ಮುಖ ನೋಡಿಕೊಂಡು ಅಪ್ಪನಿಗೂ ಆ ಮಾತು ಹೇಳುವುದು ಇಷ್ಟೇ ಕಷ್ಟವಾಗಿತ್ತೇ ಎಂದು ಕೇಳಬೇಕೆನಿಸಿತು. ಕೇಳಲು ಅಪ್ಪ ಇಲ್ಲ.