ಎಮ್ಮೆಯ ಮುಂದೆ ನಿಂತ ದೊಡ್ಡವ್ವ

ಖಾನಾಪುರದ ಬಸ್ಸು ಹತ್ತಿದರೆ ನನಗೆ ನಿದ್ದೆ. ವಾರವಿಡೀ ನೆಹರು ನಗರದ ಆಸ್ಪತ್ರೆಯ ಲ್ಯಾಬಿನಲ್ಲಿ ಸೂಕ್ಷ್ಮದರ್ಶಕಕ್ಕೆ ಅಂಟಿಕೊಂಡ ಕಣ್ಣು ಪೀರನವಾಡಿ ದಾಟುವುದರೊಳಗೆ ಮುಚ್ಚಿಕೊಳ್ಳುತ್ತದೆ. ಆಮೇಲೆ ಕಾಣುವುದು ಕನಸೋ, ಕಿಟಕಿಯಾಚೆ ಗದ್ದೆಯ ಮೇಲೆ ತೇಲುವ ಮಂಜೋ ತಿಳಿಯುವುದಿಲ್ಲ. ನಿಜವಾಗಿ ಎಚ್ಚರವಾಗುವುದು ದೊಡ್ಡವ್ವನ ಓಣಿಯಲ್ಲಿ, ಸಗಣಿ ಮತ್ತು ಹಸಿಹುಲ್ಲಿನ ವಾಸನೆಗೆ.

ದೊಡ್ಡವ್ವ ನನ್ನ ಅವ್ವನ ಅಕ್ಕ. ಮಗ ಸೊಸೆಯ ಜೊತೆಗೇ ಇದ್ದರೂ, ಗಂಡ ತೀರಿಕೊಂಡ ಮೇಲೆ ತನ್ನ ಕೈಖರ್ಚಿಗೆ ಯಾರ ಮುಂದೆಯೂ ಕೈಚಾಚಬಾರದೆಂಬ ಹಟ. ಎಮ್ಮೆ ಕಟ್ಟುವವರಿಗೆ ಸರ್ಕಾರದಿಂದ ಸಬ್ಸಿಡಿ ಸಿಗುತ್ತದೆಂದು ಕೇಳಿ ಅರ್ಜಿ ಕೊಟ್ಟಳು. ಗಬ್ಬದ ಎಮ್ಮೆಯೊಂದನ್ನು ತಂದೂಬಿಟ್ಟಳು. ಅರ್ಧ ದುಡ್ಡು ಆಗಲೇ ಕೊಟ್ಟಾಗಿತ್ತು, ಉಳಿದರ್ಧ ಸಬ್ಸಿಡಿ ಬಂದ ಮೇಲೆ. ಅದು ಬರದಿದ್ದರೆ ಮಾರಿದವನು ಎಮ್ಮೆಯನ್ನು ವಾಪಸ್ಸು ಹೊಡೆದುಕೊಂಡು ಹೋಗುವುದು ಎಂದು ಮಾತಾಗಿತ್ತು. ಆ ಎಮ್ಮೆಯ ಜೊತೆ ಅವಳು ಮಾತಾಡುವುದನ್ನು ನೀವು ಕೇಳಬೇಕಿತ್ತು. ನನ್ನ ಜೊತೆಗೂ ಅಷ್ಟು ಮೆತ್ತಗೆ ಮಾತಾಡಿದವಳಲ್ಲ.

ನಾನು ಹೋದ ಆ ದಿನ ಪಶು ಡಾಕ್ಟರು ತಪಾಸಣೆಗೆ ಬರುವವರಿದ್ದರು; ಮಗ ಸೊಸೆ ಹೊಲಕ್ಕೆ ಹೋಗಿದ್ದರು. ಎಮ್ಮೆ, ಅದರ ಕಿವಿಗೆ ಹಾಕಿದ ನಂಬರಿನ ಹಳದಿ ಬಿಲ್ಲೆ, ಪಕ್ಕದಲ್ಲಿ ಯಜಮಾನಿ, ಎಲ್ಲ ಒಂದೇ ಫೋಟೋದಲ್ಲಿ ಬಂದರೆ ಮಾತ್ರ ಸಬ್ಸಿಡಿ ಮಂಜೂರು. ಆದರೆ ಎಮ್ಮೆ ಹಿಂದಿನ ದಿನವಷ್ಟೇ ಈದಿತ್ತು. ಹಸಿ ಬಾಣಂತಿ ಎಮ್ಮೆಯ ಕೆಚ್ಚಲನ್ನು ಹೊರಗಿನವರ ಕಣ್ಣಿಗೆ ಬೀಳಿಸುವುದಿಲ್ಲ, ಗಿಣ್ಣದ ಪಾತ್ರೆಯನ್ನೂ ಸೆರಗಿನಲ್ಲಿ ಮುಚ್ಚಿಯೇ ಒಯ್ಯುವುದು ಆ ಓಣಿಯ ರೀತಿ. ಹಾಗಿರುವಾಗ ಫೋಟೋ ಎಂದರೆ ಎಷ್ಟು ಜನರ ಕಣ್ಣು!

"ಹಾಲ ಬತ್ತಿ ಹೋಗ್ತಾವು. ಫೋಟೋ ಸುದ್ದಿ ತಗೀಬ್ಯಾಡ," ಅಂದಳು ದೊಡ್ಡವ್ವ.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. "ಫೋಟೋ ತಗದ್ರ ಹಾಲ ಹ್ಯಾಂಗ ಬತ್ತತಾವು? ಹುಚ್ಚ ಹಿಡದೇತೇನ ನಿನಗ? ಎಮ್ಮಿನ ಹೋಗ್ತೈತಿ ನೋಡ!" ಎಂದು ಕೂಗಾಡಿದೆ. ಕೊಟ್ಟಿಗೆಯಿಂದ ಎಮ್ಮೆ ಕತ್ತೆತ್ತಿ ನನ್ನನ್ನೇ ನೋಡಿತು. ಅದೂ ಅವಳ ಪಾರ್ಟಿಯೇ.

ಡಾಕ್ಟರು ಬಂದಾಗ ಅಂಗಳದಲ್ಲಿ ಒಂದು ಎಮ್ಮೆ ನಿಂತಿತ್ತು. ಬಾಜೂ ಮನೆಯ ಚಾಚಿಯದು. ದೊಡ್ಡವ್ವ ಅದರ ಹಗ್ಗ ಹಿಡಿದು ಏನೂ ಅರಿಯದವಳಂತೆ ನಿಂತಿದ್ದಳು. ಡಾಕ್ಟರು ಕಿವಿಯ ಬಿಲ್ಲೆಯನ್ನು ಮೊಬೈಲಿಗೆ ಹೊಂದಿಸಿ ನೋಡಿ ನಕ್ಕುಬಿಟ್ಟರು.

"ಇದು ನಿಮ್ಮ ಎಮ್ಮಿ ಅಲ್ಲರೀ ಅವ್ವಾರ."

"ಎಮ್ಮಿ ಎಲ್ಲಾ ಕರಿವೇ ಅಲ್ಲೇನ್ರಿ ಡಾಕ್ಟ್ರ?"

"ಬಿಲ್ಲಿ ಬ್ಯಾರೆ ಬ್ಯಾರೆ ಇರ್ತಾವರಿ. ಇನ್ನೊಂದ್ ಮನಿ ನೋಡಿ ಬರ್ತೀನಿ, ಅಷ್ಟರಾಗ ನಿಮ್ಮದನ್ನ ನಿಂದರಸ್ರಿ. ಇವತ್ತ ಆಗಲಿಲ್ಲಂದ್ರ ಅರ್ಜಿ ಹೋದಂಗ ಲೆಕ್ಕ."

ದೊಡ್ಡವ್ವ ಹಗ್ಗವನ್ನು ಚಾಚಿಯ ಕೈಗಿತ್ತು ಕಟ್ಟೆಯ ಮೇಲೆ ಕುಕ್ಕರಿಸಿದಳು. ಆಮೇಲೆ ಒಳಗೆ ಹೋದಳು. ಟ್ರಂಕಿನ ಮುಚ್ಚಳ ಕಿರ್ರೆಂದಿತು, ಡಾಂಬರಗುಳಿಗೆಯ ವಾಸನೆ ಹೊರಗಿನವರೆಗೂ ಬಂತು. ಬಂದವಳು ಉಟ್ಟಿದ್ದು ದೊಡ್ಡಪ್ಪ ಹೋದಂದಿನಿಂದ ಮಡಚಿಯೇ ಇಟ್ಟಿದ್ದ ಇಳಕಲ್ ಸೀರೆ.

"ಹೊಸಾ ಮನಿ ಮುಂದ ದೃಷ್ಟಿಗೊಂಬಿ ನಿಂದರಸೂದಿಲ್ಲೇನ? ಹಂಗ ಇವತ್ತ ನಾ ನಿಂದರ್ತೀನಿ. ನೋಡೂ ಮಂದಿ ಕಣ್ಣ ನನ್ನ ಮ್ಯಾಲ ಬೀಳ್ಲಿ, ಎಮ್ಮಿ ಮ್ಯಾಲ ಬ್ಯಾಡ," ಅಂದಳು. ಚಾಚಿಯ ಕಡೆ ತಿರುಗಿ, "ತಂಗೀ, ನಿನ್ನ ಬಳಿಗೋಳ ಪೆಟ್ಟಿಗಿ ತಗೊಂಡ ಬಾ. ಫೋಟೋ ಆದಕೂಡ್ಲೆ ತಗದ್ ಬಿಡ್ತೀನಿ," ಅಂದಳು.

ಚಾಚಿಯ ಮನೆಯವರು ಬಳೆ ಮಾರುವವರು. ಅವಳು ಆಗಲೇ ತನ್ನ ಎಮ್ಮೆಯನ್ನು ಹೊಡೆದುಕೊಂಡು ಮನೆಯತ್ತ ನಡೆದಿದ್ದಳು. ಪೆಟ್ಟಿಗೆ ತಂದು, ದೊಡ್ಡವ್ವನ ಅಂಗೈ ಹಿಂಡುತ್ತ, "ಕೈ ಸಡ್ಲ ಬಿಡ ಅಕ್ಕಾ. ದುಡದ ದುಡದ ಕೈ ಅಗಲ ಆಗ್ಯಾವ, ಮೊದಲಿನ ಅಳತಿ ಬರೂದಿಲ್ಲ," ಎಂದು ಹಸಿರು ಬಳೆಗಳನ್ನು ಒಂದೊಂದಾಗಿ ಏರಿಸಿದಳು. ಹಿತ್ತಲಿನ ಅಬ್ಬಲಿ ಹೂವನ್ನು ನಾನೇ ಮುಡಿಸಿದೆ. ಹಣೆಯ ಮೇಲೆ ಮಾತ್ರ ಎಂದಿನ ವಿಭೂತಿ.

ಡಾಕ್ಟರು ಮರಳಿ ಬಂದಾಗ ಎಮ್ಮೆ ಕೊಟ್ಟಿಗೆಯ ನೆರಳಿನಲ್ಲಿ ನಿಂತಿತ್ತು, ಅದರ ಮುಂದೆ ಬಿಸಿಲಿನಲ್ಲಿ ದೊಡ್ಡವ್ವ. ಅವಳ ಹೆಗಲ ಹಿಂದಿನಿಂದ ಎಮ್ಮೆಯ ಮುಖ, ಹಳದಿ ಬಿಲ್ಲೆಯ ಕಿವಿ ಇಣುಕುತ್ತಿದ್ದವು. ಡಾಕ್ಟರು ಫೋಟೋ ತೆಗೆಯುವಾಗ ಕರು ಎಲ್ಲೋ ಕೂಗಿತು. ಆ ಗಳಿಗೆ ಈಗಲೂ ನನಗೆ ಬಸ್ಸಿನ ನಿದ್ದೆಯಲ್ಲಿ ಬರುತ್ತದೆ. ಬಿಸಿಲು ಸೀರೆಯ ಅಂಚಿನ ಮೇಲೆ ಮೆಲ್ಲಗೆ ಸರಿಯುತ್ತಿರುತ್ತದೆ.

ಡಾಕ್ಟರು ಹೋದ ಮೇಲೆ ಚಾಚಿ ಮುಷ್ಟಿಯಲ್ಲಿ ಉಪ್ಪು, ಒಣಮೆಣಸಿನಕಾಯಿ ಹಿಡಿದು ಬಂದಳು. ದೊಡ್ಡವ್ವ ಬದಿಗೆ ಸರಿದು ಎಮ್ಮೆಯ ಹತ್ತಿರ ಹೋಗಲು ಅವಳಿಗೆ ದಾರಿ ಬಿಟ್ಟಳು. ಚಾಚಿ ಎಮ್ಮೆಯ ಕಡೆ ಹೋಗಲೇ ಇಲ್ಲ.

"ನೀ ಕುಂದರ ಅಕ್ಕಾ. ದೃಷ್ಟಿ ನಿನಗ ಬಿದ್ದೈತಿ. ಇಷ್ಟ ಚಂದ ದೃಷ್ಟಿಗೊಂಬಿ ನಾ ಎಲ್ಲೂ ನೋಡಿಲ್ಲ."

ದೊಡ್ಡವ್ವ ಕುಳಿತಳು. ಚಾಚಿ ನಿವಾಳಿಸುವಷ್ಟು ಹೊತ್ತೂ ಚಿಕ್ಕ ಹುಡುಗಿಯಂತೆ ಕಣ್ಣು ಮುಚ್ಚಿಕೊಂಡಿದ್ದಳು. ಒಲೆಯಲ್ಲಿ ಮೆಣಸಿನಕಾಯಿ ಚಟಚಟ ಅಂದಾಗ ಮೂವರೂ ಕೆಮ್ಮಿದೆವು, ನಕ್ಕೆವು. ನನಗೆ ಅಳುವೂ ಬಂದಿತ್ತು. ಹೊಗೆ ಇದ್ದದ್ದು ಒಳ್ಳೆಯದಾಯಿತು.

ಸಂಜೆ ಹಿಂಡಲು ಕೂತಾಗಲೂ ಬಳೆ ಕೈಯಲ್ಲೇ ಇದ್ದವು. "ಹಿಂಡೂದ ಮುಗದ ಮ್ಯಾಲ ತಗಿತೀನಿ," ಅಂದಳು. ಬಳೆಯ ಸದ್ದಿಗೆ ಎಮ್ಮೆ ಬೆದರಲಿಲ್ಲ. ಕರುವಿಗೆ ಬಿಟ್ಟೂ ಚರಿಗೆ ತುಂಬಿತು. ಮುಂದಿನ ವಾರ ಕೇಳಿದರೆ, "ಇರಲಿ ಬಿಡ, ಸಬ್ಸಿಡಿ ಬರೂತನಾ," ಅಂದಳು.

ಸಬ್ಸಿಡಿ ಬಂತು. ಅವಳ ಮೊಬೈಲಿಗೆ ಬಂದ ಮೆಸೇಜನ್ನು ನಾನೇ ಓದಿ ಹೇಳಿದೆ. ಎಮ್ಮೆ ನಮ್ಮದೇ ಆಯಿತು ಎಂದು ಕುಣಿಯುವುದೊಂದು ಬಾಕಿ. ದೊಡ್ಡವ್ವ ಎಮ್ಮೆಯ ಬೆನ್ನು ಸವರಿದಳು, ಆಮೇಲೆ ತನ್ನ ಮುಂಗೈ ನೋಡಿಕೊಂಡಳು.

"ಚಾಚಿನ ಕರಿ ಹೋಗ," ಅಂದಳು ನನಗೆ. "ಹಿಂಡೂವಾಗ ಎರಡ ಬಳಿ ಒಡದಾವು. ಇದ ಅಳತಿದು ತರಾಕ ಹೇಳ."