ಸ್ಕೂಟರ್ ಕಾಯುವ ಅಳಿಯ

ಮೊನ್ನೆ ಮೊನ್ನೆಯವರೆಗೂ ವೇಮಗಲ್ ಕಡೆಯ ಆ ಊರಿಗೆ ಸಂಜೆ ಹೋದರೆ ದೊಡ್ಡನಾರಾಯಣಪ್ಪನವರ ಮನೆ ಮುಂದೆ ಒಂದು ವಿಚಿತ್ರ ಕಾಣಿಸುತ್ತಿತ್ತು. ಅಂಗಳದಲ್ಲಿ ಎಲೆಕ್ಟ್ರಿಕ್ ಸ್ಕೂಟರ್ ಚಾರ್ಜಿಗೆ ನಿಂತಿರುತ್ತಿತ್ತು. ಅದರೆದುರು ಕಲ್ಲುಚಪ್ಪಡಿಯ ಮೇಲೆ, ಪಕ್ಕದಲ್ಲೊಂದು ಬಕೆಟ್ ಮರಳಿಟ್ಟುಕೊಂಡು, ಆ ಮನೆಯ ಅಳಿಯ ಉದಯಕುಮಾರ್ ಕೂತಿರುತ್ತಿದ್ದ. ಫೋನು ನೋಡುತ್ತಿರಲಿಲ್ಲ, ಯಾರ ಹತ್ತಿರವೂ ಹರಟುತ್ತಿರಲಿಲ್ಲ. ಕರು ಹಾಕಲಿರುವ ಹಸುವನ್ನು ಕಾಯುವವನ ಹಾಗೆ ಸ್ಕೂಟರನ್ನೇ ನೋಡುತ್ತಿದ್ದ. ಊರಿನವರು ನಗುತ್ತಿದ್ದರು. ನಗಲಿ, ಅವರಿಗೇನು ಗೊತ್ತು.

ಉದಯಕುಮಾರ್ ಮಾಲೂರಿನ ಲಕ್ಕೂರು ಕಡೆಯವನು. ಗಂಡುಮಕ್ಕಳಿಲ್ಲದ ಈ ಮನೆಗೆ ಮನೆಅಳಿಯನಾಗಿ ಬಂದ. ಬಂದ ಹೊಸದರಲ್ಲಿ ಮಾವ "ಅಳಿಯಂದ್ರೇ, ಊಟಕ್ಕೇಳಿ" ಎನ್ನುತ್ತಿದ್ದರು. ಮೊದಲ ಯುಗಾದಿ ಕಳೆಯುವಷ್ಟರಲ್ಲಿ ಅದು "ಏನಯ್ಯ" ಆಯಿತು, ಆಮೇಲೆ "ಏನ್ಲಾ". ಬೇರೆ ಅಳಿಯಂದಿರಾದರೆ ಹಬ್ಬಕ್ಕೆ ಬಂದು ಮುನಿಸಿಕೊಂಡು ತಮ್ಮೂರಿಗೆ ಹೋಗಬಹುದು. ಮನೆಅಳಿಯ ಮುನಿಸಿಕೊಂಡು ಎಲ್ಲಿಗೆ ಹೋಗಬೇಕು? "ಆಗಲ್ಲ" ಅನ್ನುವ ಮಾತನ್ನೇ ಅವನು ಮರೆತ. ಹೇಳಿದ್ದಕ್ಕೆಲ್ಲ ತಲೆಯಾಡಿಸುವ ಕೋಲೆಬಸವನಾದ. ತನ್ನದು ಅಂತ ಉಳಿದದ್ದು ಒಂದೇ, ಕೈಕೆಲಸದ ಹೆಸರು. ಮೋಟರು ಕೆಡಲಿ, ಮಿಕ್ಸಿ ಕೆಡಲಿ, ಸುತ್ತಿನವರು "ಉದಯನ ಹತ್ರ ತಗೊಂಡೋಗಿ" ಎನ್ನುತ್ತಿದ್ದರು.

ಹೆಂಡತಿ ರಮಾದೇವಿ ವೇಮಗಲ್ಲಿನ ಫ್ಯಾಕ್ಟರಿಗೆ ಆ ಸ್ಕೂಟರಿನಲ್ಲೇ ಹೋಗಿಬರುವುದು. ಹೋದ ಬೇಸಿಗೆಯಲ್ಲಿ ಅದರ ಬ್ಯಾಟರಿ ಸತ್ತಿತು. ಕಂಪನಿಯದು ದುಬಾರಿ ಎಂದು ಮಾವ ಶ್ರೀನಿವಾಸಪುರದ ಕದಿರೇಶ ಎಂಬ ಪರಿಚಯದವನಿಂದ ಅಗ್ಗದ ಬ್ಯಾಟರಿಯೊಂದನ್ನು ತಂದರು. ಅಗ್ಗ ಸೂರೆ ಅಂತ ಮುಗ್ಗಲು ಜೋಳ ಕೊಂಡರಂತೆ, ಆ ಕತೆ.

ಎತ್ತಿದ ಕೂಡಲೇ ಉದಯಕುಮಾರನಿಗೆ ಅನುಮಾನ ಬಂತು. ಹಳೆಯದರ ಅರ್ಧ ತೂಕವೂ ಇರಲಿಲ್ಲ. ಮೇಲಿನ ಚೀಟಿಯಲ್ಲಿ ಮಾತ್ರ ಶಕ್ತಿ ಅದಕ್ಕಿಂತ ಹೆಚ್ಚು ಅಂತ ಬರೆದಿತ್ತು. ಮೀಟರ್ ಇಟ್ಟರೆ ವೋಲ್ಟೇಜು ಸರಿಯಾಗೇ ತೋರಿಸಿತು. ಕಟ್ಟಿಹಾಕಿದ ಎತ್ತು ಯಾವಾಗಲೂ ಚೆನ್ನಾಗೇ ಕಾಣುತ್ತದೆ, ನೊಗ ಹೂಡಿದಾಗ ತಾನೇ ಗೊತ್ತಾಗುವುದು. ಸಾಲಾಗಿ ಬಲ್ಬು ಜೋಡಿಸಿ ಉರಿಸಿದ, ಅಂಕಿ ಜರ್ರನೆ ಇಳಿಯಿತು. ನೀಲಿ ಪ್ಲಾಸ್ಟಿಕ್ ಹೊದಿಕೆಯನ್ನು ಮೂಲೆಯಲ್ಲಿ ಸೀಳಿ ನೋಡಿದ. ಸೆಲ್ಲುಗಳ ತಲೆಯ ಮೇಲೆ ಹೊಸ ಬೆಸುಗೆಯ ಪಕ್ಕದಲ್ಲೇ ಹಳೆಯ ಬೆಸುಗೆ ಕಿತ್ತ ಗಾಯಗಳಿದ್ದವು. ಎಲ್ಲೆಲ್ಲೋ ಸತ್ತ ಬ್ಯಾಟರಿಗಳಿಂದ ಸೆಲ್ಲು ಕಿತ್ತು, ಹೊಸ ಅಂಗಿ ತೊಡಿಸಿದ್ದರು. ಇಂಥದ್ದು ಕಾದು ಹೊತ್ತಿಕೊಂಡರೆ ಒಂದೆರಡು ಕೊಡ ನೀರಿಗೆ ಆರುವುದಿಲ್ಲ. ಅದು ರಮಾದೇವಿಯ ಸೀಟಿನ ಕೆಳಗೆ ಕೂರಬೇಕಾದ ವಸ್ತು.

"ಮಾವ, ಇದು ಹಳೇ ಸೆಲ್ಲು. ವಾಪಸ್ ಕೊಟ್ಬಿಡಾಣ."

"ಕದಿರೇಶ ನಂಗೆ ಮೋಸ ಮಾಡ್ತಾನೇನ್ಲಾ? ಊರಿಗೆಲ್ಲ ಹೇಳ್ಬಿಟ್ಟಿದೀನಿ ನಾನು. ಚೆಪ್ಪಿಂದಿ ಚೆಯ್ಯಿ, ಹೇಳಿದ್ದು ಮಾಡು!" ಸಿಟ್ಟು ಬಂದರೆ ಮಾವನ ಬಾಯಿಗೆ ತೆಲುಗೇ ಮೊದಲು ಬರುವುದು.

ಉಗುಳಲೂ ಆಗದ ನುಂಗಲೂ ಆಗದ ಬಿಸಿತುಪ್ಪ. ಜೋಡಿಸಿದರೆ ಹೆಂಡತಿಗೆ ಅಪಾಯ, ಜೋಡಿಸೊಲ್ಲ ಎನ್ನಲು ಬಾಯಿಲ್ಲ. ಉದಯಕುಮಾರ್ ಬ್ಯಾಟರಿಯನ್ನು ಅಂಗಳದ ಕಲ್ಲಿನ ಮೇಲಿಟ್ಟು, ಒಳಗಿನ ರಕ್ಷಣೆಯ ಬೋರ್ಡಿಗೆ ಹೋಗುವ ಸಣ್ಣ ವೈರುಗಳನ್ನು ಬೇಕೆಂದೇ ಅದಲುಬದಲು ಮಾಡಿದ. ಬೋರ್ಡು ಚಟ್ಟನೆ ಸುಟ್ಟು ನಾರಿತು, ಬ್ಯಾಟರಿ ಕೆಲಸಕ್ಕೆ ಬಾರದಾಯಿತು. "ತಪ್ಪಾಯ್ತು ಮಾವ" ಎಂದು ತಲೆ ತಗ್ಗಿಸಿದ.

ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದ, ಪಾಪ. ಅಳಿಯನಿಗೆ ವೈರು ಕಟ್ಟಲೂ ಬಾರದು ಎಂದು ಮಾವ ಊರೆಲ್ಲ ಸಾರಿದರು. ಸುತ್ತಿನ ಮಿಕ್ಸಿ ಮೋಟರುಗಳು ಕೋಲಾರದ ದಾರಿ ಹಿಡಿದವು. ಸ್ವಲ್ಪ ದಿನಕ್ಕೆ ಕದಿರೇಶ ತಾನೇ ಇನ್ನೊಂದು ಬ್ಯಾಟರಿ ಹೊತ್ತುಕೊಂಡು ಜೋಡಿಸಲು ಬಂದ. ಅದೇ ನೀಲಿ ಅಂಗಿ, ಅದೇ ಹಗುರ.

"ಮಾವ, ಇದೂ ಅಂಥದ್ದೇ."

"ಸುಟ್ಟೋನು ನೀನು, ನೀನು ಹೇಳ್ತೀಯೇನ್ಲಾ? ಸುಮ್ನೆ ಟಾರ್ಚ್ ಹಿಡ್ಕೋ."

ಹಿಡಿದ. ಸೀಟಿನ ಕೆಳಗಿನ ಕತ್ತಲಿಗೆ ತನ್ನ ಕೈಯಾರೆ ಬೆಳಕು ತೋರಿಸಿ, ಆ ಹಾಳು ಪೆಟ್ಟಿಗೆ ಹೆಂಡತಿ ಕೂರುವ ಜಾಗದಲ್ಲಿ ಕೂರುವುದನ್ನು ನೋಡಿದ. ಅವನ ಮಾತಿಗೆ ಬೆಲೆ ತರುತ್ತಿದ್ದ ಹೆಸರನ್ನು ಅವನೇ ಸುಟ್ಟುಕೊಂಡಿದ್ದ. ಈಗ ನಿಜ ಹೇಳಿದರೂ ನಂಬುವವರಿರಲಿಲ್ಲ.

ಅವತ್ತಿನಿಂದ ಈ ಕಾವಲು. ಒಳಗಿನ ಪ್ಲಗ್ಗು ಸರಿಯಿಲ್ಲ ಎಂದು ಸುಳ್ಳು ಹೇಳಿ ಸ್ಕೂಟರನ್ನು ಅಂಗಳಕ್ಕೆ ತಂದ. ಚಾರ್ಜಾಗುವಾಗ ಕಾಯಬಹುದು, ಅವಳು ಓಡಿಸುವಾಗ ಯಾರು ಕಾಯಬೇಕು? ಅವಳು ಸಂಜೆ ತಿರುವಿನಲ್ಲಿ ಕಾಣುವವರೆಗೂ ಅವನ ಕಣ್ಣು ರಸ್ತೆಯ ಮೇಲೇ.

ಮೊನ್ನೆ ರಮಾದೇವಿ ಕಾಫಿ ತಂದುಕೊಟ್ಟು ಪಕ್ಕದಲ್ಲೇ ಕೂತಳು.

"ಮೊದಲ್ನೇದನ್ನ ನೀವೇ ಬೇಕೂಂತ ಸುಟ್ಟಿದ್ದಲ್ವಾ?"

"ವೈರು ತಪ್ಪಾಯ್ತು ಅಷ್ಟೇ ಕಣೇ."

"ನೀವು ವೈರು ತಪ್ಪಾಗಿ ಕಟ್ತೀರಾ? ನಂಗೆ ಅವತ್ತೇ ಗೊತ್ತಾಯ್ತು."

"ಗೊತ್ತಿದ್ದೂ ಇದನ್ನ ಓಡಿಸ್ತಿದ್ಯೇನೇ? ಬಸ್ಸಿಗೆ ಹೋಗ್ಬಾರ್ದಾಗಿತ್ತಾ?"

"ನಾನು ಬಸ್ಸಿಗೆ ಹೋದ್ರೆ, ನೀವೇ ಹೇಳ್ಕೊಟ್ರಿ ಅಂತ ಅಪ್ಪ ನಿಮ್ಮನ್ನೇ ಹಿಡ್ಕೋತಾರೆ. ಇಲ್ಲೀಗಂಟ ಬೈಸ್ಕೊಂಡಿದ್ದು ಸಾಲ್ದಾ ನಿಮಗೆ?"

ಅವಳ ಜೀವಕ್ಕೆ ಹೆದರಿ ಅವನು ಇಲ್ಲಿ ಕೂತಿದ್ದರೆ, ಅವನ ಮಾನಕ್ಕೆ ಹೆದರಿ ಅವಳು ದಿನವೂ ಅದರ ಮೇಲೆ ಕೂರುತ್ತಿದ್ದಳು. ಉದಯಕುಮಾರ್ ಲೋಟ ಕೆಳಗಿಟ್ಟ. ಎದ್ದು ಪ್ಲಗ್ಗು ಕಿತ್ತ. ಸೀಟು ಎತ್ತಿ, ವೈರು ಬಿಡಿಸಿ, ಬ್ಯಾಟರಿಯನ್ನು ಹೊರಗೆ ತೆಗೆದು ಮನೆಯಿಂದ ದೂರ, ಬಯಲಿನ ಕಲ್ಲಿನ ಮೇಲಿಟ್ಟು ಬಂದ.

ಒಳಗಿನಿಂದ ಮಾವ ಕೂಗಿದರು. "ಏನ್ಲಾ, ಚಾರ್ಜಾಯ್ತಾ? ಬೆಳಿಗ್ಗೆ ಅವಳು ಹೋಗ್ಬೇಕು."

"ಇಲ್ಲ ಮಾವ. ಆ ಬ್ಯಾಟರಿ ಮೇಲೆ ಇನ್ನು ಅವಳು ಕೂರಲ್ಲ."

"ಹಾಕ್ಲಾ ಚಾರ್ಜಿಗೆ!"

"ಆಗಲ್ಲ," ಎಂದ.

ಒಳಗೆ ಮಾವ ಚಪ್ಪಲಿ ಮೆಟ್ಟಿದ ಸದ್ದಾಯಿತು. ರಮಾದೇವಿ ಎದ್ದು ಬಂದು ಗಂಡನ ಪಕ್ಕದಲ್ಲಿ ನಿಂತಳು.